ಮನೆಯ ಶುಂಠಿ ಸೋಡಾ ಬಾಟಲಿ ಉಬ್ಬಿದೆಯೇ? ಬಿಸಿಲ ಜಿಲ್ಲೆಗಳಿಗೆ ಒಂದು ದೋಷ ನಿವಾರಣೆ ಕೈಪಿಡಿ

ಶುಂಠಿ, ನಿಂಬೆ, ಸಕ್ಕರೆ, ಚಿಟಿಕೆ ಈಸ್ಟ್. ಇಷ್ಟಿದ್ದರೆ ಮನೆಯಲ್ಲೇ ಗ್ಯಾಸ್ ತುಂಬಿದ ಸೋಡಾ ಆಗುತ್ತದೆ. ಮಾಡುವುದು ಕಷ್ಟವಲ್ಲ. ತೊಂದರೆ ಇರುವುದು ವಿಡಿಯೋಗಳಲ್ಲಿ ಹೇಳುವ "ಎರಡು ದಿನ ಹೊರಗಿಡಿ" ಎಂಬ ಮಾತಿನಲ್ಲಿ. ಅದು 20-22 ಡಿಗ್ರಿಯ ತಂಪು ಅಡುಗೆಮನೆಯ ಲೆಕ್ಕ. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಬೇಸಿಗೆಯ ಮಧ್ಯಾಹ್ನ 40 ಡಿಗ್ರಿ ಮುಟ್ಟುವುದು ಮಾಮೂಲು. ತಗಡಿನ ಮನೆಯೊಳಗೆ ರಾತ್ರಿಯೂ ಸೆಕೆ ಇಳಿಯುವುದಿಲ್ಲ. 35 ಡಿಗ್ರಿಯ ಆಸುಪಾಸಿನವರೆಗೆ ಬಿಸಿ 10 ಡಿಗ್ರಿ ಏರಿದಾಗಲೆಲ್ಲ ಈಸ್ಟ್ ಹೆಚ್ಚುಕಡಿಮೆ ಎರಡು ಪಟ್ಟು ಚುರುಕಾಗುತ್ತದೆ. ಅಲ್ಲಿ ಎರಡು ದಿನ ಹಿಡಿಯುವ ಕೆಲಸ ಇಲ್ಲಿ ಬೆಳಿಗ್ಗೆ ಇಟ್ಟರೆ ರಾತ್ರಿಯೊಳಗೆ ಮುಗಿದಿರುತ್ತದೆ. ಆಮೇಲೆ ಹೊರಗಿಟ್ಟ ಹೊತ್ತೆಲ್ಲ ಒಳಗಿನ ಒತ್ತಡ ಏರುತ್ತಲೇ ಹೋಗುತ್ತದೆ.

ಹಾಗಾಗಿ ನಮ್ಮ ಕಡೆ ಗಡಿಯಾರ ನೋಡಿ ಸೋಡಾ ಮಾಡಬಾರದು. ಬಾಟಲಿ ಒತ್ತಿ ನೋಡಿ ಮಾಡಬೇಕು. ಈ ಬರಹದ ಮುಕ್ಕಾಲು ಪಾಲು ಇದರ ಬಗ್ಗೆಯೇ ಇದೆ.

ಒಳಗೆ ಏನು ನಡೆಯುತ್ತದೆ ಎಂದು ಒಮ್ಮೆ ತಿಳಿದುಕೊಂಡರೆ ಉಳಿದದ್ದು ಸುಲಭ. ಈಸ್ಟ್ ಸಕ್ಕರೆಯನ್ನು ತಿಂದು ಅರ್ಧದಷ್ಟು ಇಂಗಾಲದ ಡೈಆಕ್ಸೈಡ್ ಗ್ಯಾಸ್, ಅರ್ಧದಷ್ಟು ಆಲ್ಕೋಹಾಲ್ ಮಾಡುತ್ತದೆ. ಒಂದು ಲೀಟರಿಗೆ 100 ಗ್ರಾಂ ಸಕ್ಕರೆ ಹಾಕಿದ್ದೀರಿ ಅಂದುಕೊಳ್ಳಿ. ಅದೆಲ್ಲ ಹುದುಗಿದರೆ 25 ಲೀಟರಿಗಿಂತ ಜಾಸ್ತಿ ಗ್ಯಾಸ್ ಹುಟ್ಟುತ್ತದೆ. ಅಂಗಡಿಯ ಒಂದು ಲೀಟರ್ ಕೂಲ್‌ಡ್ರಿಂಕ್ಸ್‌ನಲ್ಲಿ ಇರುವುದು ಮೂರರಿಂದ ನಾಲ್ಕು ಲೀಟರ್ ಗ್ಯಾಸ್ ಮಾತ್ರ. ಅಂದರೆ ಸಿಹಿ ಇರುವ ಸೋಡಾ ಯಾವತ್ತೂ ತಾನಾಗಿ ನಿಲ್ಲುವುದಿಲ್ಲ. ನಿಲ್ಲಿಸುವವರು ನೀವೇ, ಫ್ರಿಜ್‌ನಿಂದ.

ಬಾಟಲಿ ಕಲ್ಲಾಗಿದೆ, ತಳ ಉಬ್ಬಿದೆ

ಈಗ ಮನೆಯಲ್ಲಿ ಇಂಥ ಬಾಟಲಿ ಇದ್ದರೆ ಮೊದಲು ಇದನ್ನು ಓದಿ, ಉಳಿದದ್ದು ಆಮೇಲೆ.

ಪ್ಲಾಸ್ಟಿಕ್ ಬಾಟಲಿಯಾದರೆ ನಡುಭಾಗವನ್ನು ಹೆಬ್ಬೆರಳಿನಿಂದ ಒತ್ತಿ. ಇನ್ನೂ ಮುಚ್ಚಳ ತೆಗೆಯದ ಅಂಗಡಿ ಬಾಟಲಿಯಷ್ಟು ಗಟ್ಟಿ ಇದ್ದರೆ ಸೋಡಾ ಆಗಿದೆ ಎಂದರ್ಥ. ಈಗಲೇ ಫ್ರಿಜ್‌ಗೆ ಇಡಿ. ಬೆರಳು ಚೂರೂ ಒಳಗೆ ಹೋಗದಿದ್ದರೆ ಹೊತ್ತು ಮೀರಿದೆ. ಆದರೂ ಫ್ರಿಜ್‌ಗೇ ಇಡಬೇಕು, ಅಲ್ಲಾಡಿಸದೆ, ಮುಖದಿಂದ ದೂರ ಹಿಡಿದು.

ತಳ ಉಬ್ಬಿ ಬಾಟಲಿ ನೆಟ್ಟಗೆ ನಿಲ್ಲುತ್ತಿಲ್ಲವೇ? ಪ್ಲಾಸ್ಟಿಕ್ ಮೇಲೆ ಬಿಳಿ ಗೆರೆ ಮೂಡಿದೆಯೇ? ಇದು ಒಡೆಯುವ ಹಂತ. ಮಕ್ಕಳನ್ನು ಹೊರಗೆ ಕಳಿಸಿ. ಬಾಟಲಿ ಮೇಲೆ ದಪ್ಪ ಟವೆಲ್ ಅಥವಾ ಮಡಿಸಿದ ಕೌದಿ ಹೊದಿಸಿ. ಬೈಕಿನ ಹೆಲ್ಮೆಟ್ ಹಾಕಿಕೊಂಡು ಮುಂದಿನ ಗಾಜು ಇಳಿಸಿ. ಉದ್ದ ತೋಳಿನ ಅಂಗಿ ತೊಡಿ. ಟವೆಲ್ ಸಮೇತ ಬಾಟಲಿಯನ್ನು ಎತ್ತಿ ತಣ್ಣೀರು, ಐಸ್ ಇರುವ ಬಕೆಟ್ಟಿಗೆ ಮೆಲ್ಲಗೆ ಇಳಿಸಿ. ಬಕೆಟ್ ಬಚ್ಚಲಮನೆಯಲ್ಲಿರಲಿ, ಬಾಗಿಲು ಹಾಕಿರಲಿ. ಐಸ್ ಕರಗಿದಂತೆ ಮತ್ತೆ ಹಾಕುತ್ತಾ ಮೂರು ನಾಲ್ಕು ತಾಸು ಬಿಡಿ.

ಅವಸರ ಮಾಡಿ ಆ ಕ್ಷಣವೇ ಮುಚ್ಚಳ ತೆಗೆಯಬೇಡಿ. ಬಿಸಿ ನೀರು ಗ್ಯಾಸನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ತಣ್ಣನೆಯ ನೀರು ಹಿಡಿದಿಟ್ಟುಕೊಳ್ಳುತ್ತದೆ. 5 ಡಿಗ್ರಿಯ ನೀರಿನಲ್ಲಿ ಕರಗುವ ಗ್ಯಾಸ್ 40 ಡಿಗ್ರಿಯ ನೀರಿನಲ್ಲಿ ಕರಗುವುದಕ್ಕಿಂತ ಎರಡೂವರೆ ಪಟ್ಟಿಗೂ ಜಾಸ್ತಿ. ಅದೇ ಬಾಟಲಿ, ಅದೇ ಸೋಡಾ, ಆದರೆ ತಣ್ಣಗಾದರೆ ಒಳಗಿನ ಒತ್ತಡ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ.

ಚೆನ್ನಾಗಿ ತಣ್ಣಗಾದ ಮೇಲೆ ಸಿಂಕಿನಲ್ಲಿಟ್ಟು, ಮುಚ್ಚಳದ ಮೇಲೆ ಬಟ್ಟೆ ಹಾಕಿ, ಕೂದಲೆಳೆಯಷ್ಟು ತಿರುಗಿಸಿ. ಸುಸ್ ಎಂದು ಗ್ಯಾಸ್ ಹೋಗಲಿ. ನೊರೆ ಏರಿದರೆ ಮತ್ತೆ ಬಿಗಿ ಮಾಡಿ. ಹೀಗೆ ಹಲವು ಸಲ. ಮುಚ್ಚಳವನ್ನು ಪೂರ್ತಿ ತಿರುಗಿಸಿಬಿಟ್ಟರೆ ಅದು ಹಾರಿ ಕಣ್ಣಿಗೆ ಬಡಿಯಬಹುದು. ತಳ ಉಬ್ಬಿದ ಬಾಟಲಿಯನ್ನು ಮತ್ತೆ ಬಳಸಬೇಡಿ, ಒಮ್ಮೆ ಹಿಗ್ಗಿದ ಪ್ಲಾಸ್ಟಿಕ್‌ಗೆ ಮೊದಲಿನ ಬಲ ಇರುವುದಿಲ್ಲ.

ಯಾವ ಪ್ಲಾಸ್ಟಿಕ್ ಬಾಟಲಿ ಸರಿ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬಾಟಲಿ ತಿರುಗಿಸಿ ತಳ ನೋಡಿ. ಕೂಲ್‌ಡ್ರಿಂಕ್ಸ್ ಬಾಟಲಿಗೆ ಸಾಮಾನ್ಯವಾಗಿ ಐದು ಉಬ್ಬು ಕಾಲುಗಳಿರುತ್ತವೆ. ಒತ್ತಡ ತಡೆಯಲೆಂದೇ ಆ ಆಕಾರ. ಕುಡಿಯುವ ನೀರಿನ ಬಾಟಲಿ ತೆಳ್ಳಗೆ, ತಳ ಹೆಚ್ಚುಕಡಿಮೆ ಚಪ್ಪಟೆ. ಅದು ಗ್ಯಾಸ್‌ಗಾಗಿ ಮಾಡಿದ್ದಲ್ಲ. ಬಿಸಿ ಪಾಕವನ್ನು ಎರಡರಲ್ಲೂ ಸುರಿಯಬಾರದು, ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾಗಿ ಸೊಟ್ಟಗಾಗುತ್ತದೆ.

ಗಾಜಿನ ಬಾಟಲಿಯಲ್ಲಿ ತುಂಬಿದ್ದೇನೆ, ಒಳಗೆ ಎಷ್ಟಾಗಿದೆ ಗೊತ್ತಾಗುತ್ತಿಲ್ಲ

ಗೊತ್ತಾಗುವುದೂ ಇಲ್ಲ. ಗಾಜಿನ ದೊಡ್ಡ ಅಪಾಯವೇ ಅದು. ಪ್ಲಾಸ್ಟಿಕ್ ಉಬ್ಬಿ ಎಚ್ಚರಿಕೆ ಕೊಡುತ್ತದೆ. ಗಾಜು ಕೊನೆಯ ಕ್ಷಣದವರೆಗೂ ಸುಮ್ನೆ ಇರುತ್ತದೆ, ಆಮೇಲೆ ಒಮ್ಮೆಲೇ ಚೂರಾಗಿ ಹಾರುತ್ತದೆ. ಸರಿಯಾಗಿ ಗ್ಯಾಸ್ ಆದ ಸೋಡಾ ಕೂಡ 40 ಡಿಗ್ರಿ ಸೆಕೆಯಲ್ಲಿದ್ದರೆ ಒಳಗಿನ ಒತ್ತಡ ಕಾರಿನ ಟೈರಿನ ಗಾಳಿಗಿಂತ ಎರಡು ಪಟ್ಟು ಇರುತ್ತದೆ. ಅತಿಯಾದದ್ದರ ಮಾತು ಬಿಡಿ.

"ಹಾಗಾದ್ರೆ ಗೋಲಿ ಸೋಡಾ ಗಾಜಿನಲ್ಲೇ ಇರುತ್ತದಲ್ಲ?" ಎಂದು ಬಹಳ ಜನ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆ ಬಾಟಲಿಗೆ ಹೈರಮ್ ಕಾಡ್ ಎಂಬ ಇಂಗ್ಲಿಷ್ ಎಂಜಿನಿಯರ್ 1872ರಲ್ಲಿ ಪೇಟೆಂಟ್ ಪಡೆದ. ಒತ್ತಡಕ್ಕೆಂದೇ ಮಾಡಿದ ದಪ್ಪ ಗಾಜು ಅದು. ಇನ್ನೊಂದು ದೊಡ್ಡ ವ್ಯತ್ಯಾಸವಿದೆ. ಗೋಲಿ ಸೋಡಾಕ್ಕೆ ಮೆಷಿನ್ನಿನಲ್ಲಿ ಸಿಲಿಂಡರಿನಿಂದ ಗ್ಯಾಸ್ ತುಂಬುತ್ತಾರೆ. ತುಂಬಿದಷ್ಟೇ ಗ್ಯಾಸ್, ಆಮೇಲೆ ಹೊಸದು ಹುಟ್ಟುವುದಿಲ್ಲ. ಈಸ್ಟ್ ಹಾಕಿದ ಬಾಟಲಿಯಲ್ಲಿ ಗ್ಯಾಸ್ ಹುಟ್ಟುತ್ತಲೇ ಇರುತ್ತದೆ. ಗೋಲಿ ಸೋಡಾದ ಬಾಟಲಿ ಸಿಕ್ಕರೂ ಅದರಲ್ಲಿ ಈಸ್ಟ್ ಸೋಡಾ ಹಾಕಬಾರದು.

ಸಾಸ್ ಬಾಟಲಿ, ಜ್ಯೂಸ್ ಬಾಟಲಿ, ಜಾಮ್ ಡಬ್ಬಿ, ಅಂದಕ್ಕೆಂದು ಮಾರುವ ಚೌಕ ಬಾಟಲಿ ಇವು ಯಾವುವೂ ಬೇಡ. ಚೌಕ ಬಾಟಲಿಯಲ್ಲಿ ಒತ್ತಡವೆಲ್ಲ ಮೂಲೆಗಳ ಮೇಲೆ ಬೀಳುತ್ತದೆ. ಹಳೆಯ ಬಿಯರ್ ಬಾಟಲಿಯಲ್ಲಿ ಕಣ್ಣಿಗೆ ಕಾಣದ ಗೀರು, ಬಿರುಕು ಇರುತ್ತವೆ.

ಈಗಾಗಲೇ ತುಂಬಿಟ್ಟಿದ್ದರೆ ಏನು ಮಾಡುವುದು? ಅದರ ಹತ್ತಿರ ಬಗ್ಗಿ ನೋಡಬೇಡಿ. ಬಿಸಿ ಗಾಜಿನ ಮೇಲೆ ಐಸ್ ನೀರು ಸುರಿಯಬೇಡಿ, ಆ ಹೊಡೆತಕ್ಕೇ ಗಾಜು ಸೀಳಬಹುದು. ಎರಡು ಮಡಿಕೆ ಕೌದಿ ಹೊದಿಸಿ, ಕೋಣೆಯ ಬಾಗಿಲು ಹಾಕಿ, ಬೆಳಗಿನ ಜಾವದ ತಂಪಿನವರೆಗೆ ಕಾಯಿರಿ. ಆಮೇಲೆ ಹೆಲ್ಮೆಟ್, ದಪ್ಪ ಕೈಗವಸು, ಬೂಟು ಹಾಕಿಕೊಂಡು ಕೌದಿ ಸಮೇತ ಫ್ರಿಜ್‌ನ ಕೆಳಗಿನ ಅರೆಗೆ ಇಡಿ. ಒಂದು ಪೂರ್ತಿ ದಿನ ತಣ್ಣಗಾಗಲಿ. ಅದೇ ಹೆಲ್ಮೆಟ್, ಕೈಗವಸಿನಲ್ಲೇ ಬಟ್ಟೆಯೊಳಗಿಂದ ಮುಚ್ಚಳ ಸಡಿಲಿಸಿ. ಆ ಸೋಡಾ ಎಷ್ಟು ಚೆನ್ನಾಗಿದ್ದರೂ ಚೆಲ್ಲಿಬಿಡಿ, ಗಾಜಿನ ಚೂರು ಬಿದ್ದಿರಬಹುದು.

ಒಂದೆರಡಲ್ಲ, ಪೆಟ್ಟಿಗೆಗಟ್ಟಲೆ ತುಂಬಿಟ್ಟಿದ್ದೀರಾ? ಅದರಲ್ಲಿ ಒಂದು ಈಗಾಗಲೇ ಒಡೆದಿದೆಯಾ? ಆಗ ನೀವು ಮುಟ್ಟುವ ಕೆಲಸ ಅಲ್ಲಿಗೆ ಮುಗಿಯಿತು. ಒಂದು ಒಡೆದರೆ ಅದರ ಚೂರು ತಾಗಿ ಪಕ್ಕದ್ದೂ ಒಡೆಯುತ್ತದೆ. ಕೋಣೆ ಮುಚ್ಚಿ, ಯಾರನ್ನೂ ಒಳಗೆ ಬಿಡದೆ, 112ಕ್ಕೆ ಕರೆ ಮಾಡಿ ಸಹಾಯ ಕೇಳಿ.

ಬಾಟಲಿ ಗಟ್ಟಿಯಾಗಿತ್ತು, ತಣ್ಣಗೆ ಮಾಡಿ ಕುಡಿದರೆ ಗ್ಯಾಸೇ ಇಲ್ಲ

"ಅಕ್ಕಾ, ಬಾಟ್ಲಿ ಗಟ್ಟಿ ಆಗೈತಿ, ಆದ್ರ ಫ್ರಿಜ್‌ನಾಗ ಇಟ್ರ ಗ್ಯಾಸೇ ಇರಂಗಿಲ್ಲ. ಇನ್ನೊಂದಿನ ಹೊರಗ ಇಡ್ಲೇನು?" ಈ ಪ್ರಶ್ನೆ ನಮ್ಮ ಬೇಸಿಗೆಗೇ ಅಂಟಿಕೊಂಡದ್ದು, ತಂಪು ಊರಿನವರಿಗೆ ಇದು ಬರುವುದಿಲ್ಲ. ಬಾಟಲಿಗಳು ಒಡೆಯುವುದೂ ಬಹುಪಾಲು ಈ "ಇನ್ನೊಂದಿನ"ದಿಂದಲೇ.

ಆಗುವುದು ಇಷ್ಟು. 40 ಡಿಗ್ರಿಯಲ್ಲಿ ನೀರು ಗ್ಯಾಸನ್ನು ಹಿಡಿದುಕೊಳ್ಳದ ಕಾರಣ ಅದು ಬಾಟಲಿಯ ಮೇಲಿನ ಖಾಲಿ ಜಾಗದಲ್ಲಿ ಸೇರಿ ಒತ್ತುತ್ತದೆ. ಬಾಟಲಿ ಬೇಗ ಗಟ್ಟಿಯಾಗುತ್ತದೆ, ಸೋಡಾದೊಳಗೆ ಕರಗಿದ ಗ್ಯಾಸ್ ಮಾತ್ರ ಕಡಿಮೆ. 20 ಡಿಗ್ರಿಯಲ್ಲಿ ಅಷ್ಟೇ ಗಟ್ಟಿಯಾದ ಬಾಟಲಿಯಲ್ಲಿ ಇರುವುದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ ಇಲ್ಲಿ ಇರುತ್ತದೆ. ತಣ್ಣಗಾದಾಗ ಮೇಲಿನ ಗ್ಯಾಸ್ ಕೂಡ ನೀರಿಗೆ ಇಳಿದು ಬಾಟಲಿ ಮೆತ್ತಗಾಗುತ್ತದೆ. ಗ್ಯಾಸ್ ಎಲ್ಲೂ ಹೋಗಿಲ್ಲ, ಇದ್ದದ್ದೇ ಅಷ್ಟು.

ಮೊದಲ ಪರೀಕ್ಷೆ ಪುಕ್ಕಟೆಯದು. ಬಾಟಲಿಯನ್ನು ಫ್ರಿಜ್‌ನಲ್ಲಿ ಇಡೀ ರಾತ್ರಿ ಬಿಡಿ. ಒಂದೇ ತಾಸಿಗೆ ತೆಗೆದರೆ ಗ್ಯಾಸ್ ನೀರಿಗೆ ಇಳಿದಿರುವುದಿಲ್ಲ, ಮುಚ್ಚಳ ತೆಗೆದೊಡನೆ ಹಾರಿಹೋಗುತ್ತದೆ. ಎರಡನೆಯದು, ಮುಚ್ಚಳ ಸೋರುತ್ತಿದೆಯೇ ನೋಡಿ. ಬಾಟಲಿಯ ಕತ್ತನ್ನು ನೀರಿನಲ್ಲಿ ಅದ್ದಿ ಹಿಡಿದರೆ ಸಣ್ಣ ಗುಳ್ಳೆಗಳ ಸಾಲು ಬರುತ್ತದೆ. ಮುಚ್ಚಳ ಬದಲಿಸಿ.

ಎರಡೂ ಸರಿ ಇದ್ದರೆ, ಹೊರಗೆ ಹೆಚ್ಚು ಹೊತ್ತು ಇಡುವುದು ಪರಿಹಾರವಲ್ಲ, ತಂಪು ಜಾಗದಲ್ಲಿ ಹುದುಗಿಸುವುದು ಪರಿಹಾರ. ಒದ್ದೆ ಗೋಣಿಚೀಲ ಸುತ್ತಿ ಏರ್‌ಕೂಲರ್ ಮುಂದೆ ಇಡಿ. ಅಥವಾ ಕುಡಿಯುವ ನೀರಿನ ಗಡಿಗೆ ಇಡುವ ಒದ್ದೆ ಮರಳಿನಲ್ಲಿ ಕುತ್ತಿಗೆಯವರೆಗೆ ಹೂತಿಡಿ. ನಮ್ಮ ಒಣ ಸೆಕೆಯಲ್ಲಿ ನೀರು ಬೇಗ ಆರುವುದರಿಂದ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಕರಾವಳಿಯಲ್ಲಾದರೆ ಇಷ್ಟು ಆಗುವುದಿಲ್ಲ. ಬೆಳಿಗ್ಗೆ ತುಂಬಿ, ನಾಲ್ಕು ತಾಸಿಗೆ ಮೊದಲ ಸಲ ಒತ್ತಿ ನೋಡಿ, ಆಮೇಲೆ ಎರಡು ತಾಸಿಗೊಮ್ಮೆ. ರಾತ್ರಿ ತುಂಬಿಟ್ಟು ಮಲಗುವುದು ಬೇಡ. ತುಂಬಿಟ್ಟು ಜಾತ್ರೆಗೆ, ಮದುವೆಗೆ ಹೋಗುವುದಂತೂ ಬೇಡವೇ ಬೇಡ.

ಫ್ರಿಜ್‌ನಲ್ಲೇ ಇದೆ, ಆದರೂ ದಿನದಿನಕ್ಕೆ ಗಟ್ಟಿಯಾಗುತ್ತಿದೆ

ಫ್ರಿಜ್ ಈಸ್ಟನ್ನು ಸಾಯಿಸುವುದಿಲ್ಲ, ಮಲಗಿಸುತ್ತದೆ. ಬಾಗಿಲಿನ ಅರೆ ಎಲ್ಲಕ್ಕಿಂತ ಬಿಸಿ ಜಾಗ. ಬಾಟಲಿಯನ್ನು ಒಳಗಡೆ, ಹಿಂದಕ್ಕೆ ಸರಿಸಿ. ಫ್ರಿಜ್ ನಿಜಕ್ಕೂ 5 ಡಿಗ್ರಿಯೊಳಗೆ ಇದೆಯೇ ಎಂದು ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಇಟ್ಟು ನೋಡಿ. ಬೇಸಿಗೆಯಲ್ಲಿ ತುಂಬಿ ತುಳುಕುವ ಫ್ರಿಜ್ ಅಷ್ಟು ತಣ್ಣಗೆ ಇರುವುದಿಲ್ಲ.

ಕರೆಂಟ್ ಬಗ್ಗೆ ಹೇಳಲೇಬೇಕು. ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಪಕ್ಕದಲ್ಲೇ ಮನೆ ಇದ್ದರೂ ಬೇಸಿಗೆಯ ಮಧ್ಯಾಹ್ನ ಕರೆಂಟ್ ಹೋಗುವುದು ತಪ್ಪುವುದಿಲ್ಲ. ನಾಲ್ಕೈದು ತಾಸು ಕರೆಂಟ್ ಇಲ್ಲದಿದ್ದರೆ ಮಲಗಿದ ಈಸ್ಟ್ ಏಳುತ್ತದೆ. ಊರಿಗೆ ಹೋಗುವಾಗ ಫ್ರಿಜ್ ಆರಿಸಿ ಹೋಗುವವರು ಒಳಗಿನ ಸೋಡಾ ಖಾಲಿ ಮಾಡಿಯೇ ಹೋಗಬೇಕು. ದಿನಕ್ಕೊಮ್ಮೆ ಬಾಟಲಿ ಒತ್ತಿ ನೋಡಿ, ಮೂರು ನಾಲ್ಕು ದಿನದಲ್ಲಿ ಕುಡಿದು ಮುಗಿಸಿ.

ಫ್ರಿಜ್‌ನಿಂದ ತೆಗೆದ ಬಾಟಲಿಯನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ, ಬೈಕಿನ ಡಿಕ್ಕಿಯಲ್ಲಿ, ಹೊಲಕ್ಕೆ ಒಯ್ಯುವ ಚೀಲದಲ್ಲಿ ಇಡಬೇಡಿ. ಮೇಲೆ ಹೇಳಿದ ಎರಡೂವರೆ ಪಟ್ಟಿನ ಲೆಕ್ಕ ಇಲ್ಲಿ ಉಲ್ಟಾ ನಡೆಯುತ್ತದೆ.

ಮುಚ್ಚಳ ತೆಗೆದರೆ ಅರ್ಧ ಬಾಟಲಿ ನೊರೆಯಾಗಿ ಹೋಗುತ್ತದೆ

ತಣ್ಣಗಾಗಿಲ್ಲದಿರುವುದು ಮೊದಲ ಕಾರಣ. ಹಣ್ಣಿನ ತಿರುಳು ಎರಡನೆಯದು. ಕುಷ್ಟಗಿಯ ದಾಳಿಂಬೆ, ಬಳ್ಳಾರಿಯ ಅಂಜೂರ, ಮಾವು ಯಾವುದೇ ಹಾಕಿ, ತಿರುಳಿನ ಪ್ರತಿ ಕಣದ ಮೇಲೂ ಗುಳ್ಳೆ ಹುಟ್ಟುತ್ತದೆ, ಎಲ್ಲ ಒಮ್ಮೆಗೇ ಉಕ್ಕುತ್ತದೆ. ಹಣ್ಣಿನಲ್ಲಿ ಅದರದೇ ಸಕ್ಕರೆಯೂ ಇರುತ್ತದೆ. ತೆಳ್ಳನೆ ಬಟ್ಟೆಯಲ್ಲಿ ಸೋಸಿ ರಸ ಮಾತ್ರ ಹಾಕಿ, ಅಷ್ಟಕ್ಕೆ ಸಕ್ಕರೆ ಕಡಿಮೆ ಮಾಡಿ.

ಬಾಟಲಿಯನ್ನು ಬಾಯಿವರೆಗೆ ತುಂಬಬೇಡಿ. ಎರಡು ಬೆರಳಿನಷ್ಟು ಜಾಗ ಬಿಡಿ.

ಇಷ್ಟಾದ ಮೇಲೂ ಉಕ್ಕಿದರೆ, ಕುಡಿದಾಗ ಸಿಹಿಯೇ ಇಲ್ಲದೆ ಬರೀ ಹುಳಿ ಇದ್ದರೆ, ಸಕ್ಕರೆಯೆಲ್ಲ ಗ್ಯಾಸ್ ಆಗಿದೆ ಎಂದರ್ಥ. ಅದೇ ದಿನ ತುಂಬಿದ ಉಳಿದ ಬಾಟಲಿಗಳೂ ಅದೇ ಸ್ಥಿತಿಯಲ್ಲಿವೆ. ಅವುಗಳನ್ನು ಈಗಲೇ ಮೊದಲ ಭಾಗದಲ್ಲಿ ಹೇಳಿದ ಹಾಗೆ ನೋಡಿಕೊಳ್ಳಿ.

ಗುಳ್ಳೆಯೇ ಏಳುತ್ತಿಲ್ಲ

ನಿರುಪದ್ರವಿ ಎಂದು ಕಾಣುವ ಈ ಲಕ್ಷಣವೇ ಮುಂದೆ ಬಾಟಲಿ ಒಡೆಯಲು ದಾರಿ ಮಾಡುತ್ತದೆ. ಗುಳ್ಳೆ ಇಲ್ಲ ಎಂದು ಇನ್ನಷ್ಟು ಈಸ್ಟ್, ಇನ್ನಷ್ಟು ಸಕ್ಕರೆ ಹಾಕಿ ಮುಚ್ಚುತ್ತಾರೆ. ಆಮೇಲೆ ಎರಡೂ ಪಾಲು ಒಟ್ಟಿಗೆ ಎಚ್ಚರಾಗುತ್ತವೆ.

ಏನನ್ನೂ ಹಾಕುವ ಮೊದಲು ಈಸ್ಟ್ ಜೀವಂತ ಇದೆಯೇ ನೋಡಿ. ಉಗುರುಬೆಚ್ಚಗಿನ ನೀರು, ಒಂದು ಚಮಚ ಸಕ್ಕರೆ, ಚಿಟಿಕೆ ಈಸ್ಟ್. 10-15 ನಿಮಿಷದಲ್ಲಿ ನೊರೆ ಬರಬೇಕು. ಬರದಿದ್ದರೆ ಈಸ್ಟ್ ಸತ್ತಿದೆ. ಅಂಗಡಿಯಲ್ಲಿ ಬಿಸಿಲಿಗೆ ಕೂತ ಪೊಟ್ಟಣ ಹೀಗಾಗುವುದುಂಟು. ಪಾಕ ಆರುವ ಮೊದಲೇ ಈಸ್ಟ್ ಹಾಕಿದರೂ ಅಷ್ಟೇ, 50 ಡಿಗ್ರಿ ದಾಟಿದರೆ ಅದು ಉಳಿಯುವುದಿಲ್ಲ. ನಲ್ಲಿ ನೀರಿನ ಕ್ಲೋರಿನ್ ಕೂಡ ಈಸ್ಟಿಗೆ ತೊಡಕು. ನೀರನ್ನು ಕುದಿಸಿ ಆರಿಸಿದರೆ ಸಾಕು.

ಡಿಸೆಂಬರ್, ಜನವರಿಯಲ್ಲಾದರೆ ಈಸ್ಟ್ ಚೆನ್ನಾಗಿದ್ದೂ ನಿಧಾನ. ಕಾಯಿರಿ, ಅಷ್ಟೇ.

ಹೆಂಡದ ವಾಸನೆ, ಕೊಳೆತ ಮೊಟ್ಟೆಯ ವಾಸನೆ, ಉಗುರು ಬಣ್ಣದ ವಾಸನೆ

ಕೊಳೆತ ಮೊಟ್ಟೆಯ ವಾಸನೆ ತೆಳುವಾಗಿದ್ದು, ಸ್ವಲ್ಪ ಹೊತ್ತು ತೆರೆದಿಟ್ಟರೆ ಹೋಗುವುದಾದರೆ, ಈಸ್ಟ್ ಕಷ್ಟಪಟ್ಟಿದೆ ಎಂದಷ್ಟೇ ಅರ್ಥ. ಉಗುರು ಬಣ್ಣದಂಥ ಚುರುಕು ವಾಸನೆ ಬಂದರೆ ಸೆಕೆ ಅತಿಯಾಗಿದೆ. ರುಚಿಯೂ ಕೆಟ್ಟಿರುತ್ತದೆ, ಚೆಲ್ಲಿ. ವಿನೆಗರ್ ವಾಸನೆ ಬಂದರೆ ಒಳಗೆ ಗಾಳಿ ಹೋಗಿದೆ. ಕೊಳಚೆ ವಾಸನೆ ಬಂದರೆ ರುಚಿ ನೋಡುವುದೂ ಬೇಡ.

ಹೆಂಡದ ವಾಸನೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕಿದೆ, ಯಾಕೆಂದರೆ ಮಕ್ಕಳಿಗೆ ಕೊಡಲೆಂದೇ ಇದನ್ನು ಮಾಡುವವರು ಬಹಳ. ಗ್ಯಾಸ್ ಎಷ್ಟು ಹುಟ್ಟುತ್ತದೋ ಹೆಚ್ಚುಕಡಿಮೆ ಅಷ್ಟೇ ತೂಕದ ಆಲ್ಕೋಹಾಲ್ ಹುಟ್ಟುತ್ತದೆ. ಅಂಗಡಿಯ ಕೂಲ್‌ಡ್ರಿಂಕ್ಸ್‌ನಷ್ಟು ಗ್ಯಾಸ್ ಈಸ್ಟ್‌ನಿಂದ ಬಂತೆಂದರೆ ಅದರೊಳಗೆ ಶೇಕಡಾ 1ರ ಆಸುಪಾಸು ಆಲ್ಕೋಹಾಲ್ ಇರುತ್ತದೆ. ಲೀಟರಿಗೆ 100 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ ಶೇಕಡಾ 6ರವರೆಗೆ, ಅದು ಬಿಯರ್ ಮಟ್ಟ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಶೇಕಡಾ 0.5 ದಾಟಿದ ಪಾನೀಯ ಮದ್ಯದ ಲೆಕ್ಕಕ್ಕೆ ಬರುತ್ತದೆ. ಕರ್ನಾಟಕ ಅಬಕಾರಿ ಕಾಯ್ದೆ, 1965ರಲ್ಲಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಹಾಗಾಗಿ ಬೇಗ ತಣ್ಣಗೆ ಮಾಡುವುದು, ಕಡಿಮೆ ಗ್ಯಾಸ್‌ಗೆ ತೃಪ್ತಿಪಡುವುದು ಎಲ್ಲ ರೀತಿಯಿಂದಲೂ ಒಳ್ಳೆಯದು. ಮಾರುವ ಯೋಚನೆ ಬೇಡ.

ಮಕ್ಕಳಿಗೆ, ಗರ್ಭಿಣಿಯರಿಗೆ, ಗಾಡಿ ಓಡಿಸುವವರಿಗೆ, ಲಿವರ್ ತೊಂದರೆ ಇರುವವರಿಗೆ ಇದನ್ನು ಕೊಡಬೇಡಿ. ಕುಡಿತ ಬಿಟ್ಟವರಿಗೆ, ಧರ್ಮದ ಕಾರಣಕ್ಕೆ ಆಲ್ಕೋಹಾಲ್ ಮುಟ್ಟದವರಿಗೆ ಹೇಳದೆ ಕೊಡುವುದು ತಪ್ಪು. ಮಕ್ಕಳಿಗೆ ಗ್ಯಾಸ್ ಬೇಕೇ ಬೇಕು ಅಂದರೆ ಗಟ್ಟಿ ಶುಂಠಿ ಪಾನಕ ಮಾಡಿ, ಕುಡಿಯುವ ಹೊತ್ತಿಗೆ ಅಂಗಡಿಯ ಸೋಡಾ ಬೆರೆಸಿ. ಒಡೆಯುವ ಭಯವೂ ಇಲ್ಲ, ಆಲ್ಕೋಹಾಲೂ ಇಲ್ಲ. ಅಡುಗೆ ಸೋಡಾ, ನಿಂಬೆರಸವನ್ನು ಬಾಟಲಿಯಲ್ಲಿ ಹಾಕಿ ಮುಚ್ಚಳ ಬಿಗಿಯುವ ಆಟ ಮಾತ್ರ ಆಡಬೇಡಿ. ಅಲ್ಲಿ ಗ್ಯಾಸ್ ತಾಸುಗಳಲ್ಲಿ ಅಲ್ಲ, ಸೆಕೆಂಡುಗಳಲ್ಲಿ ಹುಟ್ಟುತ್ತದೆ.

ಮೇಲೆ ಪೊರೆ ಕಟ್ಟಿದೆ

ಇದು ತೆರೆದ ಜಾಡಿಯಲ್ಲಿ ಶುಂಠಿ ಹುಳಿ ಬರಿಸುವವರಿಗೆ, ಕೊಂಬುಚಾ ಎಂಬ ಹುದುಗಿಸಿದ ಚಹಾ ಮಾಡುವವರಿಗೆ. ಕಣ್ಣೇ ಮೊದಲ ಸಾಧನ. ಬಿಳಿ, ಚಪ್ಪಟೆ, ಸುಕ್ಕುಸುಕ್ಕಾದ ಪೊರೆ ಕಾಡು ಈಸ್ಟ್‌ನದು. ಅಪಾಯ ಕಡಿಮೆ, ರುಚಿ ಕೆಡುತ್ತದೆ. ರೋಮ ಬಂದ ಹಾಗೆ ಒಣಗಿ ಎದ್ದು ನಿಂತ ದುಂಡು ಕಲೆ, ಹಸಿರು, ಕಪ್ಪು, ನೀಲಿ, ಬಿಳಿ ಯಾವುದೇ ಬಣ್ಣವಿರಲಿ, ಅದು ಬೂಷ್ಟು. ಮೇಲಿಂದ ತೆಗೆದು ಕೆಳಗಿನದನ್ನು ಕುಡಿಯಬಾರದು. ಕೊಂಬುಚಾವನ್ನು ಹುದುಗಿಸುವ ದಪ್ಪ ತಾಯಿಪೊರೆ ಸಮೇತ ಚೆಲ್ಲಿ, ಜಾಡಿಯನ್ನು ಕುದಿವ ನೀರಿನಲ್ಲಿ ತೊಳೆಯಿರಿ. ಯಾವುದು ಎಂದು ಗೊತ್ತಾಗದಿದ್ದರೂ ಚೆಲ್ಲಿ. ಹೋಗುವುದು ಹಿಡಿ ಸಕ್ಕರೆ ಮಾತ್ರ.

ಬೂಷ್ಟು ಮತ್ತೆ ಮತ್ತೆ ಬರುತ್ತಿದ್ದರೆ ಹುಳಿ ಸಾಲುತ್ತಿಲ್ಲ. ಹುಳಿ ಅಳೆಯುವ ಪಿಎಚ್ ಕಾಗದ ತಂದು ನೋಡಿ. ಕೊಂಬುಚಾ 4.2ಕ್ಕಿಂತ ಕೆಳಗಿರಬೇಕು, 2.5ಕ್ಕಿಂತ ಕೆಳಗೆ ಹೋದರೆ ಕುಡಿಯಲಾಗದಷ್ಟು ಹುಳಿ. ನಮ್ಮ ಭಾಗದ ಬೋರಿನ ಗಡಸು ನೀರಿನಲ್ಲಿರುವ ಕ್ಷಾರ ಹುಳಿಯನ್ನು ನುಂಗಿಬಿಡುತ್ತದೆ. ಅಲ್ಲದೆ ರಾಯಚೂರು ಭಾಗದ ಎಷ್ಟೋ ಬೋರುಗಳಲ್ಲಿ ಫ್ಲೋರೈಡ್ ಇದೆ, ಕುದಿಸಿದರೆ ಅದು ಹೋಗುವುದಿಲ್ಲ. ಊರಿನ ಶುದ್ಧ ನೀರಿನ ಘಟಕದಿಂದ ತಂದ ನೀರಿನಲ್ಲಿ ಮಾಡಿದರೆ ಎರಡೂ ತೊಂದರೆ ತಪ್ಪುತ್ತವೆ.

ನಾಲಿಗೆಗೆ ಲೋಹದ ರುಚಿ, ಕುಡಿದ ಮೇಲೆ ವಾಂತಿ

ಯಾವ ಪಾತ್ರೆಯಲ್ಲಿ ಇಟ್ಟಿರಿ ಎಂದು ನೆನಪಿಸಿಕೊಳ್ಳಿ. ತಾಮ್ರದ ಬಿಂದಿಗೆ, ಕಲಾಯಿ ಹೋದ ಹಿತ್ತಾಳೆ ಪಾತ್ರೆ, ಅಲ್ಯೂಮಿನಿಯಂ ಡಬರಿ ಹುಳಿ ಪಾನೀಯಕ್ಕೆ ಆಗುವುದಿಲ್ಲ. ತಾಮ್ರ ನೀರಿಗೆ ಒಳ್ಳೆಯದು ಎನ್ನುವ ಮಾತು ನಿಂಬೆ ಹಿಂಡಿದ ನೀರಿಗೆ ಹೊಂದುವುದಿಲ್ಲ. ಹುಳಿಗೆ ತಾಮ್ರ ಕರಗಿ ಹೊಟ್ಟೆ ತೊಳಸುತ್ತದೆ, ವಾಂತಿಯಾಗುತ್ತದೆ. ಬಣ್ಣದ ಮೆರುಗಿನ ಹಳೆಯ ಮಣ್ಣಿನ ಜಾಡಿಗಳಲ್ಲಿ ಸೀಸ ಇರಬಹುದು. ಬಾಯಿಗೆ ಬಟ್ಟೆ ಕಟ್ಟಿದ ಗಾಜಿನ ಜಾಡಿ ಹುದುಗಿಸಲು ಸರಿ. ಅಲ್ಲಿ ಗ್ಯಾಸ್ ಹೊರಗೆ ಹೋಗುವುದರಿಂದ ಗಾಜಿಗೆ ಅಪಾಯವಿಲ್ಲ.

ವಾಂತಿ ಭೇದಿ ನಿಲ್ಲದಿದ್ದರೆ, ರಕ್ತ ಕಂಡರೆ, ಚಿಕ್ಕ ಮಗು ಕುಡಿದಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ. ಕಣ್ಣು ಮಂಜಾಗುವುದು, ರೆಪ್ಪೆ ಜೋಲುವುದು, ನುಂಗಲು ಕಷ್ಟವಾಗುವುದು ಇವು ಬಹಳ ಅಪರೂಪ, ಆದರೆ ಕಂಡರೆ ಒಂದು ನಿಮಿಷವೂ ತಡ ಮಾಡಬಾರದು. ಬಾಟಲಿಯಲ್ಲಿ ಉಳಿದದ್ದನ್ನು ಜೊತೆಗೆ ಒಯ್ಯಿರಿ.

ಈಸ್ಟ್ ಬೇಡವೆಂದು ಸಿಲಿಂಡರ್ ತಂದಿದ್ದೇನೆ, ಅದು ಬಿಸಿಯಾಗುತ್ತಿದೆ

ಸೋಡಾ ಮೆಷಿನ್ನಿನ ಚಿಕ್ಕ ಸಿಲಿಂಡರ್‌ನ್ನು ಅದರ ಕಂಪನಿ ಹೇಳಿದ ಹಾಗೆ ಬಳಸಿದರೆ ತೊಂದರೆ ಇಲ್ಲ. ಚಿಂತೆ ಇರುವುದು ವರ್ಕ್‌ಶಾಪಿನಿಂದ ವೆಲ್ಡಿಂಗ್ ಗ್ಯಾಸಿನ ಸಿಲಿಂಡರ್ ತಂದು ಪೈಪು ಜೋಡಿಸುವವರ ಬಗ್ಗೆ. ಅದು ಕುಡಿಯುವ ದರ್ಜೆಯ ಗ್ಯಾಸ್ ಅಲ್ಲ. 20 ಡಿಗ್ರಿಯಲ್ಲೇ ಇಂಗಾಲದ ಡೈಆಕ್ಸೈಡ್ ಸಿಲಿಂಡರಿನ ಒತ್ತಡ ಗಾಳಿಯ ಒತ್ತಡದ 57 ಪಟ್ಟು. 31 ಡಿಗ್ರಿ ದಾಟಿದರೆ ಒಳಗೆ ದ್ರವವೇ ಉಳಿಯುವುದಿಲ್ಲ, ಆಮೇಲೆ ಒತ್ತಡ ಸರಸರ ಏರುತ್ತದೆ. ನಮ್ಮ ಕಡೆ ಫೆಬ್ರವರಿಯಿಂದಲೇ ಮಧ್ಯಾಹ್ನ 31 ದಾಟಿರುತ್ತದೆ. ರೆಗ್ಯುಲೇಟರ್ ಇಲ್ಲದೆ ಅದನ್ನು ಬಾಟಲಿಗೆ ಬಿಡುವುದೆಂದರೆ ಬಾಟಲಿ ಸಿಡಿಸಿದಂತೆಯೇ.

ಮುಟ್ಟಿ ನೋಡಿದಾಗ ಬಿಸಿ ಇದ್ದರೆ ನೆರಳಿಗೆ ಒಯ್ಯಿರಿ. ಬಿಸಿಲು, ಒಲೆ, ಕಾರಿನ ಡಿಕ್ಕಿ ದೂರವಿರಲಿ. ಸುಯ್ ಎಂದು ಸೋರುತ್ತಿದ್ದರೆ ಬಾಗಿಲು ಕಿಟಕಿ ತೆಗೆದು ಎಲ್ಲರೂ ಹೊರಗೆ ಬನ್ನಿ. ಈ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ಕೆಳಗೆ ಮಲಗಿದ ಮಗುವನ್ನು ಮೊದಲು ಎತ್ತಿಕೊಳ್ಳಿ. ರಿಪೇರಿ ಪ್ರಯತ್ನ ಬೇಡ, ತುಂಬಿಕೊಟ್ಟ ಅಂಗಡಿಯವರನ್ನು ಕರೆಸಿ.

ಬಾಟಲಿ ಒಡೆದೇ ಹೋಯಿತು

ಪಕ್ಕದಲ್ಲಿ ಇನ್ನೂ ತುಂಬಿದ ಬಾಟಲಿಗಳಿದ್ದರೆ ಗುಡಿಸಲು ಹೋಗಬೇಡಿ. ಮೊದಲು ಎಲ್ಲರೂ ಹೊರಗೆ. ಆ ಬಾಟಲಿಗಳನ್ನು ಗಾಜಿನ ಭಾಗದಲ್ಲಿ ಹೇಳಿದ ಹಾಗೆ ನೋಡಿಕೊಂಡ ಮೇಲೆಯೇ ನೆಲದ ಕೆಲಸ. ಚೂರುಗಳು ಕೋಣೆಯ ಆ ಕಡೆಗೂ ಹಾರಿರುತ್ತವೆ. ಬರಿಗಾಲು ಬೇಡ, ಬರಿಗೈ ಬೇಡ. ತೆರೆದಿಟ್ಟ ಅನ್ನ, ರೊಟ್ಟಿ, ನೀರು ಎಲ್ಲ ಚೆಲ್ಲಿಬಿಡಿ. ಸಣ್ಣ ಪುಡಿಯನ್ನು ಒದ್ದೆ ಕಾಗದದಿಂದ ಒತ್ತಿ ತೆಗೆಯಿರಿ.

ಕೈಕಾಲಿಗೆ ಗಾಯವಾಗಿದ್ದರೆ ಶುದ್ಧ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಗಾಜು ಆಳಕ್ಕೆ ಸಿಕ್ಕಿದ್ದರೆ ಕೀಳಬೇಡಿ, ಅದರ ಸುತ್ತ ಒತ್ತಿ. ಅರಿಸಿನ, ಕಾಫಿಪುಡಿ ಹಾಕಬೇಡಿ.

ಕಣ್ಣಿಗೆ ಚೂರು ಬಿದ್ದಿದ್ದರೆ ಉಜ್ಜಬೇಡಿ, ಒತ್ತಬೇಡಿ, ಚುಚ್ಚಿಕೊಂಡ ಚೂರನ್ನು ತೊಳೆದು ತೆಗೆಯಲು ನೋಡಬೇಡಿ. ಒಂದು ಕಾಗದದ ಲೋಟವನ್ನು ಕಣ್ಣಿನ ಸುತ್ತಲ ಎಲುಬಿನ ಮೇಲೆ ಕೂರುವಂತೆ ಇಟ್ಟು, ಕಣ್ಣಿಗೆ ತಾಗದ ಹಾಗೆ ಟೇಪ್ ಹಚ್ಚಿ. ಇನ್ನೊಂದು ಕಣ್ಣನ್ನೂ ಮುಚ್ಚಿಸಿ, ಒಂದು ಕಣ್ಣು ಆಡಿದರೆ ಇನ್ನೊಂದೂ ಆಡುತ್ತದೆ. 108ಕ್ಕೆ ಕರೆ ಮಾಡಿ. ಬಳ್ಳಾರಿಯಲ್ಲಿ ಜನ ವಿಮ್ಸ್ ಎಂದು ಕರೆಯುವ ಸರ್ಕಾರಿ ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್ ಇವು ವೈದ್ಯಕೀಯ ಕಾಲೇಜು ಆಸ್ಪತ್ರೆಗಳು. ಇಂಥ ಗಾಯಕ್ಕೆ ಓಣಿಯ ಕ್ಲಿನಿಕ್‌ನಲ್ಲಿ ಹೊತ್ತು ಕಳೆಯದೆ ನೇರ ಅಲ್ಲಿಗೆ ಹೋಗಿ. ದಾರಿಯಲ್ಲಿ ಏನೂ ತಿನ್ನಿಸಬೇಡಿ, ಕುಡಿಸಬೇಡಿ, ಆಪರೇಷನ್ ಬೇಕಾಗಬಹುದು. ಒಡೆದದ್ದು ಗಾಜೋ ಪ್ಲಾಸ್ಟಿಕ್ಕೋ, ಕೊನೆಯ ಸಲ ಧನುರ್ವಾಯು ಇಂಜೆಕ್ಷನ್ ಯಾವಾಗ ಆಗಿತ್ತು ಎಂಬುದನ್ನು ಡಾಕ್ಟರಿಗೆ ಹೇಳಿ.